ಮಸುಕು ಪಟ್ಟಿಯೋ, ಚೂಪು ಗೆರೆಯೋ: ಎಲ್‌ಇಡಿ ಪ್ರಿಂಟರ್, ಸ್ಕ್ಯಾನರ್‌ಗಳ ಕಡ್ಡಿಮಸೂರ ಪರೀಕ್ಷಿಸಿ ಒರೆಸುವ ಬಗೆ

ಎಲ್‌ಇಡಿ ಪ್ರಿಂಟರಿನ ಹೆಡ್ಡನ್ನು (ಡ್ರಮ್ ಎಂಬ ಬೆಳಕು ಗ್ರಹಿಸುವ ಉರುಳೆಯ ಮೇಲೆ ಎಲ್‌ಇಡಿ ಸಾಲಿನಿಂದ ಪುಟದ ಬಿಂಬ ಮೂಡಿಸುವ ಪಟ್ಟಿ) ಹತ್ತಿರದಿಂದ ನೋಡಿದರೆ ಕಾಗದದಷ್ಟು ಅಗಲಕ್ಕೂ ಒಂದು ತೆಳ್ಳನೆಯ ಹೊಳೆಯುವ ಗೆರೆ ಕಾಣುತ್ತದೆ. ಅದೇ ಮಸೂರ. 1 ಮಿ.ಮೀ.ಗಿಂತ ಸಣ್ಣ ವ್ಯಾಸದ ನೂರಾರು ಕಡ್ಡಿಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಒಂದೆರಡು ಸಾಲಾಗಿ ಜೋಡಿಸಿ, ಸಂದಿಗೆ ಕಪ್ಪು ರಾಳ ತುಂಬಿರುತ್ತಾರೆ. ಜಪಾನಿನ ನಿಪ್ಪಾನ್ ಶೀಟ್ ಗ್ಲಾಸ್ ಮತ್ತು ಎನ್‌ಇಸಿ ಕಂಪನಿಗಳು 1968ರಲ್ಲಿ ‘ಸೆಲ್ಫಾಕ್’ ಹೆಸರಿನಲ್ಲಿ ಹೊರತಂದ ಗಾಜಿನ ಎಳೆಯೇ ಇದರ ಮೂಲ. ಅನೇಕ ಫ್ಲಾಟ್‌ಬೆಡ್ ಸ್ಕ್ಯಾನರ್, ಫ್ಯಾಕ್ಸ್ ಯಂತ್ರಗಳ ಸಿಐಎಸ್ ಪಟ್ಟಿಯಲ್ಲಿ (ಪುಟವನ್ನು ತೀರ ಹತ್ತಿರದಿಂದ ಓದುವ ಸಂವೇದಕ) ಇರುವುದೂ ಇದೇ.

ಕಡ್ಡಿಯ ಎರಡೂ ತುದಿ ಚಪ್ಪಟೆ. ಬೆಳಕನ್ನು ಬಾಗಿಸುವುದು ಕಡ್ಡಿಯ ಒಳಗುಣ: ನಡುವಿನಲ್ಲಿ ವಕ್ರೀಭವನಾಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ. ಹಾಗಾಗಿ ಬೆಳಕು ಅಲೆಯಂತೆ ಬಳುಕುತ್ತಾ ಸಾಗುತ್ತದೆ. ಕಡ್ಡಿಯ ಉದ್ದ ಅರ್ಧ ಅಲೆಗಿಂತ ಹೆಚ್ಚು, ಪೂರ್ಣ ಅಲೆಗಿಂತ ಕಡಿಮೆ. ಬಿಂಬ ಒಳಗೆ ಒಮ್ಮೆ ತಲೆಕೆಳಗಾಗಿ, ಹೊರಗೆ ಬೀಳುವಾಗ ಮತ್ತೆ ನೆಟ್ಟಗಾಗುತ್ತದೆ, ಅಳತೆಯೂ ಬದಲಾಗುವುದಿಲ್ಲ. ನೆಟ್ಟಗಿರುವುದರಿಂದಲೇ ಅಕ್ಕಪಕ್ಕದ ಕಡ್ಡಿಗಳ ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ.

ರಿಪೇರಿಗೆ ಮುಖ್ಯವಾದದ್ದು ಇದೇ. ಪುಟದ ಒಂದೊಂದು ಚುಕ್ಕಿಗೂ ಹಲವು ಕಡ್ಡಿಗಳ ಬೆಳಕು ಸೇರುತ್ತದೆ. ಆದ್ದರಿಂದ ಮಸೂರದ ಮೇಲೆ ಟೋನರ್ (ಮುದ್ರಣದ ಪುಡಿ) ಕೂತರೆ ಚೂಪಾದ ಗೆರೆ ಬರುವುದಿಲ್ಲ, ಅಂಚು ಕರಗಿದಂಥ ಮಸುಕು ಪಟ್ಟಿ ಬರುತ್ತದೆ. ಕೂದಲೆಳೆಯಂಥ ಚೂಪು ಗೆರೆ ಬಂದರೆ ಮಸೂರವನ್ನು ಮುಟ್ಟುವ ಮೊದಲು ಬೇರೆ ಕಡೆ ಹುಡುಕಿ: ಡ್ರಮ್ಮಿನ ಗೀರು ಇರಬಹುದು, ಅಥವಾ ಸತ್ತ ಎಲ್‌ಇಡಿ ಇರಬಹುದು. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಒಂದು ಎಲ್‌ಇಡಿಯ ಪಾಲು ಬರೀ 0.042 ಮಿ.ಮೀ.

ಮೊದಲು ಪುಟದ ತುಂಬ 30–40% ಬೂದು ಬಣ್ಣ ಮುದ್ರಿಸಿ. ಅಚ್ಚ ಕಪ್ಪಿನಲ್ಲಿ ಸಣ್ಣ ದೋಷ ಮುಚ್ಚಿಹೋಗುತ್ತದೆ. ಬಣ್ಣದ ಯಂತ್ರವಾದರೆ ನಾಲ್ಕು ಬಣ್ಣಗಳಿಗೂ ಬೇರೆ ಬೇರೆ ಪುಟ ತೆಗೆಯಿರಿ. ಒಂದೇ ಬಣ್ಣದಲ್ಲಿ ಪಟ್ಟಿ ಬಂದರೆ ಆ ಬಣ್ಣದ ಹೆಡ್ ಅಥವಾ ಡ್ರಮ್ ಕಾರಣ. ಕಾಗದದ ಅಂಚಿನಿಂದ ಪಟ್ಟಿಗಿರುವ ದೂರ ಅಳೆದು, ಹೆಡ್ಡಿನ ಎರಡೂ ತುದಿಯಿಂದ ಅಷ್ಟೇ ದೂರದಲ್ಲಿ ನೋಡಿ. ಎಡ–ಬಲ ಅದಲುಬದಲಾಗುವುದು ಸುಲಭ.

ಒರೆಸುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ, ಫ್ಯೂಸರ್ (ಟೋನರನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ) ತಣ್ಣಗಾಗಲಿ. ಡ್ರಮ್ ಹೊರತೆಗೆದರೆ ಕೂಡಲೇ ಕಪ್ಪು ಕಾಗದ ಮುಚ್ಚಿ. ಕೆಲವು ನಿಮಿಷದ ಬೆಳಕಿಗೂ ಅದು ಕೆಡುತ್ತದೆ. ನೂಲು ಬಿಡದ ಒಣ ಮೆತ್ತನೆಯ ಬಟ್ಟೆಯಿಂದ ಮಸೂರವನ್ನು ಈ ತುದಿಯಿಂದ ಆ ತುದಿಗೆ ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ. ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸಿ, ಇಲ್ಲವಾದರೆ ಅದೇ ಟೋನರ್ ಮತ್ತೆ ಗೀರುತ್ತದೆ. ಥಿನ್ನರ್ ಬೇಡವೇ ಬೇಡ. ತಯಾರಕರ ಕೈಪಿಡಿ ಹೇಳದಿದ್ದರೆ ಹೆಡ್ಡಿಗೆ ಆಲ್ಕೋಹಾಲೂ ಬೇಡ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಬ್ಲೋವರ್ ಹಿಡಿದರೆ ಟೋನರ್ ಪಕ್ಕದ ಹೆಡ್ಡಿಗೂ ಹೋಗುತ್ತದೆ. ಟೋನರ್ ವ್ಯಾಕ್ಯೂಮ್ ಇದ್ದರೆ ಅದೇ ಒಳ್ಳೆಯದು.

ಮತ್ತೆ ಅದೇ ಬೂದು ಪುಟ ಮುದ್ರಿಸಿ. ಈಗ ಪುಟದ ಒಂದು ಬದಿ ಮಾತ್ರ ಮಸುಕಾದರೆ ಹೆಡ್ ಸರಿಯಾಗಿ ಕೂತಿಲ್ಲವೆಂದೇ ಮೊದಲು ಶಂಕಿಸಬೇಕು. ಈ ಮಸೂರಗಳಿಗೆ ಫೋಕಸ್ಸಿನ ಆಳ ಬಹಳ ಕಡಿಮೆ. ನಡುಗೆರೆಯಿಂದ 20 ಡಿಗ್ರಿವರೆಗಿನ ಬೆಳಕನ್ನು ಹಿಡಿಯುವ ಮಸೂರದಲ್ಲಿ ದೂರ 0.1 ಮಿ.ಮೀ. ತಪ್ಪಿದರೂ ಚುಕ್ಕಿ ಸುಮಾರು 0.07 ಮಿ.ಮೀ.ವರೆಗೆ ಹರಡಬಹುದು, ಅಂದರೆ 600 ಡಿಪಿಐಯ ಒಂದೂವರೆ ಚುಕ್ಕಿಗಿಂತ ಹೆಚ್ಚು. ಹೆಡ್ಡಿನ ಎರಡು ತುದಿಯ ಆಧಾರಗಳಲ್ಲಿ ಟೋನರ್ ಗಂಟು, ಕಾಗದದ ಚೂರು ಇದೆಯೇ ನೋಡಿ, ಸ್ಪ್ರಿಂಗ್ ಒತ್ತಿ ಬಿಡಿ. ಮಸೂರವನ್ನು ಚೌಕಟ್ಟಿನಿಂದ ಬಿಚ್ಚಲೇಬೇಡಿ. ಕಾರ್ಖಾನೆಯಲ್ಲಿ ಅಳೆದು ಅಂಟಿಸಿದ ಫೋಕಸ್ ಮೇಜಿನ ಮೇಲೆ ಮತ್ತೆ ಸಿಗುವುದಿಲ್ಲ.

ಸ್ಕ್ಯಾನರಿನಲ್ಲಿ ಮಸೂರ ಗಾಜಿನ ಕೆಳಗೆ ಸುರಕ್ಷಿತವಾಗಿರುತ್ತದೆ, ತೊಂದರೆ ಹೆಚ್ಚಾಗಿ ಗಾಜಿನದ್ದೇ. ಫೀಡರ್‌ನಲ್ಲಿ (ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಭಾಗ) ಹಾಕಿದಾಗ ಮಾತ್ರ ಚೂಪು ಗೆರೆ ಬಂದರೆ ಪಕ್ಕದ ಕಿರಿದಾದ ಗಾಜಿನ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿದ ಬಟ್ಟೆಯಿಂದ ಒರೆಸಿ. ವೈಟ್‌ನರ್, ಅಂಟು ಮೆತ್ತಿದ್ದರೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಬ್ಲೇಡ್ ಬೇಡ. ಗಾಜಿನ ಮೇಲಿಟ್ಟಾಗಲೂ ಗೆರೆ, ಅದೂ ಬಿಳುಪಾದ ಗೆರೆ ಬಂದರೆ ಕಾರಣ ಬೇರೆ: ಗಾಜಿನ ಅಂಚಿನ ಕೆಳಗಿರುವ ಬಿಳಿ ಮಾಪಕ ಪಟ್ಟಿಯ ಮೇಲೆ ಕಪ್ಪು ಧೂಳು. ಆ ಜಾಗದಲ್ಲಿ ಬೆಳಕು ಕಡಿಮೆಯಿದೆಯೆಂದು ಯಂತ್ರ ತಪ್ಪಾಗಿ ತಿಳಿದು ಪುಟವಿಡೀ ಅಲ್ಲಿ ಹೊಳಪು ಏರಿಸುತ್ತದೆ. ಅದನ್ನು ಒರೆಸಿ, ಸ್ವಿಚ್ ಆರಿಸಿ ಹಚ್ಚಿ, ಕ್ಯಾಲಿಬ್ರೇಶನ್ ಮತ್ತೆ ಓಡಿಸಿ.

ದಪ್ಪ ಪುಸ್ತಕದ ನಡುಮಡಿಕೆ ಮಸುಕಾಗುವುದು ಕೊಳೆಯಿಂದಲ್ಲ. ಗಾಜಿನಿಂದ ಕೆಲವೇ ಮಿ.ಮೀ. ಎದ್ದರೂ ಅಕ್ಷರ ಫೋಕಸ್ಸಿನಿಂದ ಜಾರುತ್ತದೆ. ಅಂಥ ಕೆಲಸಕ್ಕೆ ಕನ್ನಡಿ, ಸಾಮಾನ್ಯ ಮಸೂರಗಳ ಮೂಲಕ ದೂರದಿಂದ ಓದುವ ಸಿಸಿಡಿ ಸ್ಕ್ಯಾನರ್ ಬೇಕು.