ಒಣ ಯೀಸ್ಟಿಗೆ ನೀರು ಹಾಕುವ ಕ್ರಮ

ಮನೆಯಲ್ಲಿ ಬನ್ನು, ಬ್ರೆಡ್ಡು ಮಾಡಲು ಹೊರಟವರ ಹಿಟ್ಟು ಉಬ್ಬದೇ ಹೋದಾಗ ದೂರು ಸಾಮಾನ್ಯವಾಗಿ ಮೈದಾದ ಮೇಲೋ ಓವನ್ನಿನ ಮೇಲೋ ಬೀಳುತ್ತದೆ. ಆದರೆ ಹೆಚ್ಚಿನ ಸಲ ತಪ್ಪು ನಡೆದಿರುವುದು ಅದಕ್ಕೂ ಮೊದಲು, ಯೀಸ್ಟಿಗೆ ನೀರು ಹಾಕಿದ ಗಳಿಗೆಯಲ್ಲಿ. ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವುದರೊಳಗೆ ತಾನಾಗಿ ಹುದುಗುವುದನ್ನು ನೋಡಿ ಬೆಳೆದ ದಾವಣಗೆರೆಯ ನಮಗೆ ಹುದುಗಿಗೂ ಅಳತೆ ಬೇಕೆಂಬುದು ಸುಲಭಕ್ಕೆ ಒಗ್ಗುವುದಿಲ್ಲ. ಉದ್ದಿನಬೇಳೆಯ ಜೊತೆಗೇ ಬರುವ ಸೂಕ್ಷ್ಮಜೀವಿಗಳು ನೆನೆಹಾಕಿದ ನೀರಿನಲ್ಲಿಯೇ ನಿಧಾನವಾಗಿ ಹೆಚ್ಚುತ್ತವೆ. ಯೀಸ್ಟಿನ ಕಾಳುಗಳಾದರೋ ನೀರಿನಂಶವನ್ನು ಬಹುಪಾಲು ಕಳೆದುಕೊಂಡು ಜೀವ ಹಿಡಿದುಕೊಂಡಿರುತ್ತವೆ.

ಮೊದಲು ಪೊಟ್ಟಣವನ್ನು ಓದಿರಿ. 'ಇನ್‌ಸ್ಟಂಟ್' ಎಂದಿದ್ದರೆ ನೆನೆಸುವ ಅಗತ್ಯವಿಲ್ಲ, ನೇರವಾಗಿ ಹಿಟ್ಟಿಗೇ ಬೆರೆಸಬಹುದು. 'ಆ್ಯಕ್ಟಿವ್ ಡ್ರೈ' ಎಂದಿದ್ದರೆ ಮಾತ್ರ ಮುಂದಿನ ಕ್ರಮ ಬೇಕು. ಅರ್ಧ ಕಿಲೋ ಮೈದಾಕ್ಕೆ 7 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಹೆಚ್ಚು ಯೀಸ್ಟ್ ಸಾಕಾಗುತ್ತದೆ.

ನೀರಿನ ಶಾಖ 38ರಿಂದ 43 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣೀರಿನಲ್ಲಿ ನೆನೆಸಿದರೆ ಜೀವಕೋಶದ ಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಒಳಗಿನ ಗ್ಲುಟಾಥಯೋನ್ ಎಂಬ ವಸ್ತು ಹೊರಗೆ ಸೋರಿ, ನಾದಿದ ಹಿಟ್ಟು ಬಿಗಿ ಕಳೆದುಕೊಂಡು ಜೋಲುತ್ತದೆ. ಶಾಖ 60 ಡಿಗ್ರಿ ತಲುಪಿದರಂತೂ ಯೀಸ್ಟ್ ಸತ್ತೇಹೋಗುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಒಂದು ಲೆಕ್ಕವಿದೆ: ಕೊತಕೊತ ಕುದಿಯುವ ನೀರು ಒಂದು ಪಾಲು, ಮಣ್ಣಿನ ಕೊಡದಲ್ಲಲ್ಲದೆ ಮನೆಯೊಳಗೆ ಸುಮ್ಮನೆ ಇಟ್ಟ ನೀರು ನಾಲ್ಕು ಪಾಲು ಬೆರೆಸಿದರೆ ಹೆಚ್ಚುಕಡಿಮೆ 42 ಡಿಗ್ರಿಗೆ ಬಂದು ನಿಲ್ಲುತ್ತದೆ. ಡಿಸೆಂಬರಿನ ಚಳಿಯಲ್ಲಿ ನಾಲ್ಕರ ಬದಲು ಮೂರು ಪಾಲು ಸಾಕು. ಏಪ್ರಿಲ್ ಮಧ್ಯಾಹ್ನ ಮಹಡಿಯ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಈ ಲೆಕ್ಕ ನಡೆಯದು. ಬಿಸಿಲಿಗೆ ಕಾದ ಆ ನೀರನ್ನು ಮುಂಗೈಗೆ ಹನಿಸಿಕೊಂಡು ನೋಡಿ, ಹಿತವಾದ ಬೆಚ್ಚಗಿದ್ದರೆ ಹಾಗೆಯೇ ಬಳಸಬಹುದು. ಕುಂದುವಾಡ ಕೆರೆಯಿಂದ ಶುದ್ಧೀಕರಿಸಿ ಬಿಡುವ ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೂ ಯೀಸ್ಟಿಗೆ ಅದರಿಂದ ಪ್ರಾಣಾಪಾಯವೇನಿಲ್ಲ.

ಹಿಟ್ಟಿಗೆ ಬೇಕಾದ ಒಟ್ಟು ನೀರಿನಿಂದಲೇ ಅರ್ಧ ಲೋಟದಷ್ಟನ್ನು ಅಗಲ ಬಾಯಿಯ ಬಟ್ಟಲಿಗೆ ತೆಗೆದುಕೊಂಡು, ಅರ್ಧ ಚಮಚ ಸಕ್ಕರೆ ಕರಗಿಸಿ, ಯೀಸ್ಟನ್ನು ಒಂದೇ ಕಡೆ ಸುರಿಯದೆ ಮೇಲೆಲ್ಲ ಉದುರಿಸಿರಿ. ಎರಡು ನಿಮಿಷ ಕೈಹಾಕಬೇಡಿ. ಆಮೇಲೆ ಒಮ್ಮೆ ಕಲಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಮೇಲೆ ಕೆನೆಯಂಥ ದಪ್ಪ ನೊರೆ ಕಟ್ಟಿ, ಹುದುಗಿನ ಸಿಹಿವಾಸನೆ ಬರಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆಯೆದ್ದು ಸುಮ್ಮನಾದರೆ ಅದನ್ನು ಚೆಲ್ಲಿಬಿಡಿ. ಅಂಗಡಿಯಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಬಿಡಿಯಾಗಿ ಕಟ್ಟಿಟ್ಟ, ದಿನಾಂಕವಿಲ್ಲದ ಯೀಸ್ಟ್ ತಂದು, ನೊರೆ ಬಾರದಿದ್ದರೂ 'ಹಿಟ್ಟಿನೊಳಗೆ ಸರಿಹೋದೀತು' ಎಂದು ನಾದಿ, ಸಂಜೆಯವರೆಗೆ ಕಾದು ಒಂದು ಕಿಲೋ ಮೈದಾ ಹಾಳುಮಾಡಿಕೊಂಡವನು ನಾನು. ಉಪ್ಪನ್ನು ಈ ಬಟ್ಟಲಿಗೆ ಹಾಕದೆ ಮೈದಾದಲ್ಲಿಯೇ ಬೆರೆಸಿರಿ.

ಬಿಯರಿನ ಯೀಸ್ಟೂ ಇದೇ ಕುಲದ್ದು. ಬ್ರೆಡ್ಡಿನದರ ಶಾಸ್ತ್ರೀಯ ಹೆಸರಾದ ಸ್ಯಾಕರೊಮೈಸಿಸ್ ಸೆರೆವಿಸಿಯೆಯಲ್ಲಿರುವ 'ಸೆರೆವಿಸಿಯೆ' ಬಂದದ್ದೇ ಬಿಯರನ್ನು ಸೂಚಿಸುವ ಲ್ಯಾಟಿನ್ ಪದದಿಂದ. ಆದರೆ ಅಲ್ಲಿ ಸಕ್ಕರೆ ಹಾಕುವುದಿಲ್ಲ. ಕುದಿಸಿ ಆರಿಸಿದ, ಯೀಸ್ಟಿನ ಹತ್ತರಷ್ಟು ತೂಕದ ನೀರಿನಲ್ಲಿ ನೆನೆಸಿ, ಮಾಲ್ಟಿನ ರಸದ ಶಾಖಕ್ಕೆ ಮೆಲ್ಲಗೆ ಹೊಂದಿಸುತ್ತಾರೆ. ಪರವಾನಗಿಯಿಲ್ಲದೆ ಬಿಯರ್ ತಯಾರಿಸಲು ನಮ್ಮ ರಾಜ್ಯದ ಅಬಕಾರಿ ಕಾಯ್ದೆ ಬಿಡದಾದ್ದರಿಂದ ಆ ವಿಷಯ ಇಷ್ಟಕ್ಕೇ ಸಾಕು.

ಒಡೆದ ಪೊಟ್ಟಣವನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟರೆ ನಮ್ಮ ಬೇಸಿಗೆಯಲ್ಲಿ ಬಹಳ ದಿನ ಬಾಳದು. ಬಿಗಿ ಮುಚ್ಚಳದ ಒಣ ಡಬ್ಬಿಗೆ ಹಾಕಿ, ಒಡೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಫ್ರಿಜ್ಜಿನಲ್ಲಿಡಿ. ಅಳೆಯುವ ಚಮಚ ಒದ್ದೆಯಿರಬಾರದು.