ಇಂಕಾ ಟ್ರೇಲ್: ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ತಯಾರಾಗಿ

ಪೆರು ದೇಶದ ಬೆಟ್ಟದ ಮೇಲಿರುವ ಇಂಕಾ ಜನರ ಹಳೇ ಊರು ಮಾಚು ಪಿಚುಗೆ ಇಂಕಾ ಟ್ರೇಲ್ ದಾರಿಯಲ್ಲಿ ನಡೆದು ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅಷ್ಟೆತ್ತರ ಹೇಗೆ ಹತ್ತಿದಿರಿ?" ಹತ್ತುವುದಕ್ಕೆ ಉಸಿರು ಬೇಕು, ತಾಳ್ಮೆ ಬೇಕು, ನಿಜ. ಆದರೆ ಈ ದಾರಿಯಲ್ಲಿ ಕಾಲು ಕೈಕೊಡುವುದು ಇಳಿಯುವಾಗ. ಬೆಂಗಳೂರಿನಲ್ಲಿ ನಮ್ಮ ಗುಂಪು ತಯಾರಿ ಮಾಡಿದ್ದೂ ಅದಕ್ಕೇ.

ದಾರಿ ಸುಮಾರು 43 ಕಿ.ಮೀ. ನಾಲ್ಕು ದಿನದ ನಡಿಗೆ, ಮೂರು ರಾತ್ರಿ ಟೆಂಟ್. ಗೈಡ್ ಇಲ್ಲದೆ ಬಿಡುವುದಿಲ್ಲ. ಗೈಡ್, ಪೋರ್ಟರ್‌ಗಳೂ ಸೇರಿ ದಿನಕ್ಕೆ 500 ಜನಕ್ಕೆ ಮಾತ್ರ ಪರ್ಮಿಟ್, ಹಾಗಾಗಿ ತಿಂಗಳುಗಳ ಮೊದಲೇ ಮಾಡಿಸಬೇಕು. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಪರ್ಮಿಟ್‌ನಲ್ಲಿ ಬರೆದ ಪಾಸ್‌ಪೋರ್ಟ್ ನಂಬರನ್ನು ಗೇಟಿನಲ್ಲಿ ತಾಳೆ ನೋಡುತ್ತಾರೆ. ಹೊರಡುವ ಮುಂಚೆ ಹಳದಿ ಜ್ವರದ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಪೆರುವಿನಿಂದ ಭಾರತಕ್ಕೆ ವಾಪಸ್ ಬರುವಾಗ ಆ ಕಾರ್ಡ್ ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನವಾದ ಮೇಲೆಯೇ ಅದಕ್ಕೆ ಮಾನ್ಯತೆ.

ಈಗ ತಯಾರಿಯ ವಿಷಯ. ಬೆಂಗಳೂರಿನ ಸುತ್ತ ಇಷ್ಟು ಬೆಟ್ಟಗಳಿರುವುದು ನಮ್ಮ ಪುಣ್ಯ. ನಂದಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿದುಬಿಡುವವರಿದ್ದಾರೆ. ನಾವು ನಡೆದೇ ಇಳಿಯುತ್ತಿದ್ದೆವು, ಬೆನ್ನಿಗೆ ನೀರಿನ ಬಾಟಲಿ ತುಂಬಿದ ಬ್ಯಾಗ್ ಹಾಕಿಕೊಂಡು. ಶಿವಗಂಗೆ, ಸಾವನದುರ್ಗದಲ್ಲೂ ಹೀಗೇ. ವಾರದ ದಿನಗಳಲ್ಲಿ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹಿಡಿದು ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯುವುದು, ಮತ್ತೆ ಲಿಫ್ಟ್, ಮತ್ತೆ ಮೆಟ್ಟಿಲು. ಸೆಕ್ಯುರಿಟಿಯವರು ವಿಚಿತ್ರವಾಗಿ ನೋಡುತ್ತಿದ್ದರು. ಆದರೆ ಇದರಲ್ಲಿ ಅರ್ಥವಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಮರುದಿನ ಜಾಸ್ತಿ ನೋವು ಕೊಡುವುದು ಈ ಕೆಲಸವೇ. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿದರೆ ಅದೇ ಸ್ನಾಯು ಅಷ್ಟಾಗಿ ನೋಯುವುದಿಲ್ಲ. ಕೊನೆಗೆ ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹೋಗಿ ಬಂದೆವು. ಅಲ್ಲಿನ ಇಳಿತಕ್ಕೆ ಒಗ್ಗಿದ ಮೇಲೆ ಧೈರ್ಯ ಬಂತು.

ಎತ್ತರಕ್ಕೆ ಮಾತ್ರ ಇಲ್ಲಿ ಅಭ್ಯಾಸ ಸಾಧ್ಯವಿಲ್ಲ. ನಾವಿರುವುದು ಸುಮಾರು 920 ಮೀಟರ್‌ನಲ್ಲಿ, ವಿಮಾನ ಇಳಿಯುವ ಕುಸ್ಕೊ ಇರುವುದು 3,400 ಮೀಟರ್‌ನಲ್ಲಿ. ಅದಕ್ಕೆ ನಾವು ಕುಸ್ಕೊದಲ್ಲಿ ನಿಲ್ಲದೆ, ಮೊದಲು ಕೆಳಗಿನ ಒಲಾಂಟಾಯ್‌ಟಂಬೊದಲ್ಲಿ ಮಲಗಿದೆವು. ಅದು 2,800 ಮೀಟರ್ ಆಸುಪಾಸು. ಎತ್ತರದಿಂದಾಗುವ ತೊಂದರೆಗೆ ಮಾತ್ರೆ ಬೇಕೋ ಬೇಡವೋ ಅಂತ ಇಲ್ಲಿಂದ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಕೊಂಡಿದ್ದೆವು. ಅಲ್ಲಿ ಎಲ್ಲೆಲ್ಲೂ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅಲ್ಲೇ ಕುಡಿಯಿರಿ, ಎಲೆಯನ್ನು ಮಾತ್ರ ಊರಿಗೆ ತರಬೇಡಿ. ಭಾರತದಲ್ಲಿ ಅದು ಅಪರಾಧ.

ಎರಡನೇ ದಿನ ವಾರ್ಮಿವಾನ್ಯುಸ್ಕಾ ಪಾಸ್, ಅಂದರೆ ಬೆಟ್ಟಸಾಲು ದಾಟುವ ಜಾಗ, 4,215 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರವತ್ತು ಪರ್ಸೆಂಟ್ ಅಷ್ಟೇ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವರಾದ ಅಕ್ಕ ಒಬ್ಬರಿದ್ದರು. "ನೀವೆಲ್ಲ ಮುಂದೆ ನಡೀರಪ್ಪಾ, ನಾನು ಹಿಂದೆ ಬರ್ತೀನಿ" ಅಂದರು. ನಾವು ಒಪ್ಪಲಿಲ್ಲ. "ನೀವೇ ಮುಂದೆ ನಡೀರಿ ಅಕ್ಕ, ನಿಮ್ಮ ಹೆಜ್ಜೆಗೆ ನಮ್ಮ ಹೆಜ್ಜೆ" ಅಂದೆವು. ಗುಂಪು ಚಾರಣದಲ್ಲಿ ನಾನು ಗಟ್ಟಿಯಾಗಿ ನಂಬುವ ನಿಯಮ ಇದೊಂದೇ. ನಿಧಾನದವರು ಹಿಂದಿದ್ದರೆ ಉಳಿದವರು ನಿಂತು ಕಾಯುತ್ತಾರೆ, ಅವರು ಬಂದು ಸೇರಿದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ, ಅಲ್ವಾ?

ಪಾಸ್ ದಾಟಿದ ಮೇಲೆ ಆರುನೂರು ಮೀಟರ್ ಇಳಿತ, ಎಲ್ಲ ಕಲ್ಲಿನ ಮೆಟ್ಟಿಲು. ಮೂರನೇ ದಿನ ಇನ್ನೂ ಜಾಸ್ತಿ. ದಾರಿಯಲ್ಲೇ ಸಿಗುವ ಹಳೇ ಇಂಕಾ ನೆಲೆಗಳಾದ ಫುಯುಪಟಮಾರ್ಕದಿಂದ ವಿನ್ಯಾಯ್ ವೈನಾಕ್ಕೆ ಸುಮಾರು ಸಾವಿರ ಮೀಟರ್ ಕೆಳಗೆ. ಮೆಟ್ಟಿಲು ಒಂದು ಎತ್ತರ, ಇನ್ನೊಂದು ಗಿಡ್ಡ, ಮಂಜಿಗೆ ಒದ್ದೆ. ಚಿಕ್ಕ ಹೆಜ್ಜೆ ಇಟ್ಟೆವು. ಮಂಡಿ ಪೂರ್ತಿ ನೇರ ಮಾಡದೆ, ತೀರಾ ಕಡಿದಾದ ಕಡೆ ಅಡ್ಡಡ್ಡ ತಿರುಗಿ ಇಳಿದೆವು. ಚಾರಣದ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಂಡು, ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ ಆಮೇಲೆ ಕಾಲಿಟ್ಟೆವು. ಕೋಲಿನ ತುದಿಗೆ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ಹಳೇ ಕಲ್ಲು ಸವೆಯುತ್ತದೆ.

ಆ ಕಲ್ಲುಗಳನ್ನು ನೋಡಲೆಂದೇ ಅಲ್ಲವೇ ಅಷ್ಟು ದೂರ ಹೋಗಿದ್ದು! ವಿನ್ಯಾಯ್ ವೈನಾದಲ್ಲಿ ಗುಡ್ಡದ ಮೈತುಂಬ ಸಾಲು ಸಾಲು ಮೆಟ್ಟಿಲು ಗದ್ದೆಗಳು. ಚೆನ್ನಾಗಿ ಕೆತ್ತಿದ ಗೋಡೆಗಳಲ್ಲಿ ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂತಿದೆ. ಹಂಪಿಯ ಕೋಟೆ ಗೋಡೆಯಲ್ಲೂ ಇದನ್ನು ನೋಡಿದ್ದೇವೆ. ಇಂಕಾ ದೊರೆ ಪಚಾಕುಟಿ 15ನೇ ಶತಮಾನದಲ್ಲಿ ಮಾಚು ಪಿಚು ಕಟ್ಟಿಸುತ್ತಿದ್ದಾಗ ಇಲ್ಲಿ ವಿಜಯನಗರವನ್ನು ಸಂಗಮ ವಂಶದವರು ಆಳುತ್ತಿದ್ದರು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದೆ ಎರಡೂ ಕಡೆ ಕಲ್ಲಿನ ಮೇಲೆ ಅಷ್ಟೊಂದು ಹಿಡಿತ! ಇಂಕಾ ಜನರ ಹತ್ತಿರ ಕಬ್ಬಿಣದ ಉಳಿಯೂ ಇರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಬಡಿದು ಒಪ್ಪ ಮಾಡಿದರು.

ಕೊನೆಯ ದಿನ ಕತ್ತಲಲ್ಲೇ ಎದ್ದು ಚೆಕ್‌ಪೋಸ್ಟ್ ಮುಂದೆ ಸಾಲಿನಲ್ಲಿ ಕೂತೆವು. ಮಾಚು ಪಿಚು ಮೊದಲು ಕಾಣುವ ಇಂಟಿ ಪುಂಕು, ಅಂದರೆ ಸೂರ್ಯದ್ವಾರ, ತಲುಪಿದಾಗ ಬರೀ ಮೋಡ. ಆಮೇಲೆ ಸರಿಯಿತು. ಮಾಚು ಪಿಚು ಅಲ್ಲಿಂದ ಮತ್ತೆ ಕೆಳಗೇ, 2,430 ಮೀಟರ್‌ನಲ್ಲಿ. ಊರೆಲ್ಲ ಸುತ್ತಿ ಮುಗಿದ ಮೇಲೆ ಕೆಳಗಿನ ಪೇಟೆಗೆ ಬಸ್ಸಿತ್ತು. ಅಕ್ಕ ಬಸ್ಸಿನ ಸಾಲು ನೋಡಿ, "ಇನ್ನು ನಾನೂರು ಮೀಟರ್ ತಾನೆ? ನಡೀರಿ" ಅಂದರು. ಎಲ್ಲರೂ ಇಳಿದೆವು.