ಡಿಪಿಎಫ್ ಬಿಚ್ಚುವ ಮೊದಲು: ಬಳ್ಳಾರಿಯ ಗ್ಯಾರೇಜಿನಲ್ಲಿ ನಾನು ನೋಡುವ ಕ್ರಮ

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರು ಅಂದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದೇ ಇರುತ್ತದೆ. ನಮ್ಮ ಬಳ್ಳಾರಿಯಲ್ಲಿ ಅದರ ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ: ಫಿಲ್ಟರ್ ಲೈಟ್ ಹತ್ತಿದೆ, ಪಿಕಪ್ ಇಲ್ಲ, ಒಂದು ಫೋರ್ಸ್ ರೀಜನ್ ಹೊಡೆದು ಕೊಡಿ. ರೀಜನ್ ಅಂದರೆ ಫಿಲ್ಟರ್‌ನಲ್ಲಿ ಕಟ್ಟಿದ ಮಸಿಯನ್ನು ಬಿಸಿಯಿಂದ ಸುಡುವುದು; ಅದನ್ನು ಸ್ಕ್ಯಾನರ್‌ನಿಂದ ನಾವೇ ಮಾಡಿಸಿದರೆ ಫೋರ್ಸ್ ರೀಜನ್. ನಾನು ನೇರ ಅದಕ್ಕೆ ಕೈ ಹಾಕುವುದಿಲ್ಲ. ಮಸಿ ಹಿಡಿಯುವುದೇ ಫಿಲ್ಟರ್‌ನ ಕೆಲಸ. ಅದು ತುಂಬಿದೆ ಅಂದರೆ ಎಂಜಿನ್ ಮಸಿ ಜಾಸ್ತಿ ಬಿಡುತ್ತಿದೆ, ಇಲ್ಲ ಮಸಿ ಸುಡಲು ಗಾಡಿಗೆ ಅವಕಾಶ ಸಿಗುತ್ತಿಲ್ಲ, ಅದೂ ಅಲ್ಲದಿದ್ದರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆ. ಇದರಲ್ಲಿ ಯಾವುದು ಅಂತ ಗೊತ್ತುಮಾಡಿಕೊಳ್ಳದೆ ಸುಟ್ಟರೆ ಅದೇ ಗಾಡಿ ಅದೇ ಲೈಟ್ ಜೊತೆ ವಾಪಸ್ ಬರುತ್ತದೆ.

ಒಳಗಿರುವುದು ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್‌ನ ಜೇನುಗೂಡಿನಂಥ ದಿಮ್ಮಿ. ಸಣ್ಣ ಕೊಳವೆಗಳು ಒಂದು ಬಿಟ್ಟು ಒಂದು ಈ ತುದಿಯಲ್ಲಿ ಮುಚ್ಚಿರುತ್ತವೆ, ಉಳಿದವು ಆ ತುದಿಯಲ್ಲಿ. ಹಾಗಾಗಿ ಹೊಗೆ ಗೋಡೆ ತೂರಿಯೇ ಪಕ್ಕದ ಕೊಳವೆಗೆ ಹೋಗಬೇಕು, ಮಸಿ ಗೋಡೆಯಲ್ಲಿ ಉಳಿಯುತ್ತದೆ. ಹೈವೇಯಲ್ಲಿ ಹೊಗೆಯ ಬಿಸಿ 250ರಿಂದ 400 ಡಿಗ್ರಿಗೆ ಬಂದಾಗ ಮುಂದಿರುವ ಡಿಒಸಿ (ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಸ್ಟ್) ತಯಾರಿಸುವ ನೈಟ್ರೋಜನ್ ಡೈಆಕ್ಸೈಡ್ ಆ ಮಸಿಯನ್ನು ನಿಧಾನವಾಗಿ ಸುಡುತ್ತಾ ಹೋಗುತ್ತದೆ. ಅದು ಸಾಲದಾದಾಗ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಆ್ಯಕ್ಟಿವ್ ರೀಜನ್ ಶುರು ಮಾಡುತ್ತದೆ. ಇಂಜೆಕ್ಟರ್ ತಡವಾಗಿ ಸ್ವಲ್ಪ ಡೀಸೆಲ್ ಬಿಡುತ್ತದೆ, ಅದು ಡಿಒಸಿಯಲ್ಲಿ ಉರಿದು ಫಿಲ್ಟರ್‌ಗೆ ಸುಮಾರು 600 ಡಿಗ್ರಿ ಬಿಸಿ ಮುಟ್ಟುತ್ತದೆ.

ಗಾಡಿ ಎಲ್ಲಿ, ಹೇಗೆ ಓಡುತ್ತದೆ ಅಂತ ಮೊದಲೇ ಕೇಳುತ್ತೇನೆ. ಕೌಲ್ ಬಜಾರ್, ರಾಯಲ್ ಸರ್ಕಲ್, ಮೋತಿ ಸರ್ಕಲ್ ಅಂತ ಊರೊಳಗೇ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ರೀಜನ್ ಮುಗಿಯುವುದೇ ಇಲ್ಲ. ಇದಕ್ಕಿಂತ ಕೆಟ್ಟದ್ದು ನಿಲ್ಲಿಸಿ ಎಸಿ ಹಾಕಿಕೊಂಡು ಕೂರುವುದು. ಸಂಡೂರಿನ ಗಣಿ ಗೇಟಿನ ಮುಂದೆ, ಸಿರುಗುಪ್ಪದ ರೈಸ್ ಮಿಲ್ ಅಂಗಳದಲ್ಲಿ ಗಂಟೆಗಟ್ಟಲೆ ಎಂಜಿನ್ ಓಡುತ್ತಿರುತ್ತದೆ. ಹೊಗೆ ಬಿಸಿಯಾಗುವುದಿಲ್ಲ, ಮಸಿ ಮಾತ್ರ ಸೇರುತ್ತಿರುತ್ತದೆ, ಮೀಟರ್‌ನಲ್ಲಿ ಕಿಲೋಮೀಟರ್ ಕೂಡ ಏರುವುದಿಲ್ಲ. ಓನರ್ ಪಾಪ, ಗಾಡಿ ಓಡಿಸಿಯೇ ಇಲ್ಲ ಅನ್ನುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಎಸಿ ಬೇಡ ಅನ್ನಲಾಗದು, ಆದರೆ ಅಂಥ ಗಾಡಿಗೆ ವಾರಕ್ಕೊಮ್ಮೆ ಹೊಸಪೇಟೆ ರಸ್ತೆಯಲ್ಲಿ 25 ನಿಮಿಷದ ಒಂದೇ ಓಟ ಬೇಕೇಬೇಕು. ಎಂಜಿನ್ 2000 ಆರ್‌ಪಿಎಂ ಮೇಲೇ ಇರಬೇಕು, ಅದಕ್ಕೆ ಒಂದು ಗೇರ್ ಕೆಳಗೆ ಇಟ್ಟು ಓಡಿಸಲು ಹೇಳುತ್ತೇನೆ. ನಿಂತಾಗ ಸ್ಲೋ (ರೇಸ್ ಕೊಡದಿದ್ದಾಗಿನ) ಆರ್‌ಪಿಎಂ ಏರಿ ಸಾವಿರದ ಹತ್ತಿರ ಇದ್ದರೆ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಬಿಸಿ ವಾಸನೆ ಬರುತ್ತಿದ್ದರೆ ರೀಜನ್ ನಡೆದಿದೆ ಎಂದರ್ಥ. ಆಗ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿಬರಬೇಕು.

ಆಮೇಲೆ ಸ್ಕ್ಯಾನರ್. ಅದು ತೋರಿಸುವ ದೋಷದ ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಡುತ್ತೇನೆ. ಪಿ2463 ಬಂದರೆ ಮಸಿ ಜಾಸ್ತಿ, ಪಿ242ಎಫ್ ಬಂದರೆ ಬೂದಿ (ಎಂಜಿನ್ ಆಯಿಲ್ ಸುಟ್ಟು ಉಳಿಯುವುದು) ಜಾಸ್ತಿ, ಪಿ2002 ಅಂದರೆ ಫಿಲ್ಟರ್ ಹಿಡಿಯಬೇಕಾದಷ್ಟು ಹಿಡಿಯುತ್ತಿಲ್ಲ. ಪಿ2452ರಿಂದ ಪಿ2455ರವರೆಗಿನದು ಪ್ರೆಶರ್ ಸೆನ್ಸರ್‌ನ ದೂರು. ಇವುಗಳ ಜೊತೆ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ), ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ಅಥವಾ ಥರ್ಮೋಸ್ಟಾಟ್ (ಕೂಲೆಂಟಿನ ಬಿಸಿ ಕಾಯುವ ವಾಲ್ವ್) ಕೋಡ್ ಒಂದಿದ್ದರೂ ಮೊದಲು ಅದನ್ನೇ ಸರಿ ಮಾಡಬೇಕು. ಅದಿರುವ ತನಕ ಎಷ್ಟೋ ಗಾಡಿಗಳ ಇಸಿಎಂ ರೀಜನ್‌ಗೆ ಒಪ್ಪುವುದೇ ಇಲ್ಲ. ಲೈವ್ ಡೇಟಾದಲ್ಲಿ ಮಸಿ ಎಷ್ಟು, ಬೂದಿ ಎಷ್ಟು, ಕೊನೆಯ ರೀಜನ್ ಆಗಿ ಎಷ್ಟು ಕಿಲೋಮೀಟರ್ ಆಯಿತು ಅಂತ ಬರೆದುಕೊಳ್ಳುತ್ತೇನೆ. ಕೆಲವು ಗಾಡಿಗಳಲ್ಲಿ ಮಸಿಯ ಅಂಕಿ ಎರಡಿರುತ್ತವೆ: ಓಡಿದ ರೀತಿಯಿಂದ ಇಸಿಎಂ ಹಾಕಿದ ಲೆಕ್ಕ ಒಂದು, ಪ್ರೆಶರ್‌ನಿಂದ ಅಳೆದದ್ದು ಇನ್ನೊಂದು. ಎರಡೂ ಏರಿದ್ದರೆ ಮಸಿ ನಿಜವಾಗಿಯೂ ಇದೆ. ಒಂದು ಮಾತ್ರ ಏರಿದ್ದರೆ ಫಿಲ್ಟರ್ ಮುಟ್ಟುವ ಮೊದಲು ಸೆನ್ಸರ್ ಕಡೆ ನೋಡಬೇಕು.

ಈ ಪ್ರೆಶರ್ ಸೆನ್ಸರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಚೆನ್ನಾಗಿದ್ದ ಫಿಲ್ಟರ್ ಬದಲಾಗಿ ಹೋಗುವುದು ಇಲ್ಲೇ. ಫಿಲ್ಟರ್‌ನ ಮುಂದಿನಿಂದ ಒಂದು, ಹಿಂದಿನಿಂದ ಒಂದು ಸ್ಟೀಲ್ ಪೈಪ್ ಬಂದು ರಬ್ಬರ್ ಹೋಸ್ ಮೂಲಕ ಸೆನ್ಸರ್‌ಗೆ ಸೇರುತ್ತವೆ; ಎರಡರ ಒತ್ತಡದ ವ್ಯತ್ಯಾಸವೇ ಅದು ತೋರಿಸುವ ಅಂಕಿ. ಇಗ್ನಿಷನ್ ಆನ್, ಎಂಜಿನ್ ಆಫ್ ಇದ್ದಾಗ ಅಂಕಿ ಸೊನ್ನೆ ಇರಬೇಕು. ಸೊನ್ನೆಗೆ ಬರದಿದ್ದರೆ ಹೋಸ್ ಕಿತ್ತು ನೋಡಿ; ಆಗಲೂ ಬರದಿದ್ದರೆ ಸೆನ್ಸರ್ ಕೆಟ್ಟಿದೆ. ಎಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ 1 ಕಿಲೋಪ್ಯಾಸ್ಕಲ್, ಅಂದರೆ 10 ಮಿಲಿಬಾರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 2500ಕ್ಕೆ ರೇಸ್ ಹಿಡಿದಾಗ ಅಂಕಿ ಸಮನಾಗಿ ಏರಬೇಕು, ಬಿಟ್ಟ ಕೂಡಲೇ ಇಳಿಯಬೇಕು. ಅದೇ ರೇಸ್‌ನಲ್ಲಿ 10 ಕಿಲೋಪ್ಯಾಸ್ಕಲ್ ದಾಟಿದರೆ ಫಿಲ್ಟರ್ ಗಟ್ಟಿಯಾಗಿ ಕಟ್ಟಿಕೊಂಡಿದೆ. ಎಂಜಿನ್‌ಗೆ ತಕ್ಕಂತೆ ಈ ಅಂಕಿ ಬದಲಾಗುತ್ತದೆ, ಅದಕ್ಕೇ ಚೆನ್ನಾಗಿ ಓಡುವ ಗಾಡಿ ಸರ್ವೀಸಿಗೆ ಬಂದಾಗಲೂ ಮಾಡೆಲ್ ಪ್ರಕಾರ ಅಂಕಿ ಬರೆದಿಡುವುದು ಒಳ್ಳೆಯದು.

ಹೋಸ್ ಕೈಯಲ್ಲಿ ಬಗ್ಗಿಸಿ ನೋಡಬೇಕು. ಮೇಲೆ ಚೆನ್ನಾಗಿ ಕಂಡರೂ ಕ್ಲಿಪ್ ಕೆಳಗೆ ಬಿಸಿಗೆ ಸೀಳಿರುತ್ತದೆ, ಇಲ್ಲ ಇಲಿ ಕಡಿದಿರುತ್ತದೆ. ಸೀಳಿನ ಸುತ್ತ ತೆಳ್ಳಗೆ ಕಪ್ಪು ಮಸಿ ಹತ್ತಿರುವುದೇ ಗುರುತು. ಮುಂದಿನ ಹೋಸ್ ಸೀಳಿದರೆ ಒತ್ತಡ ಹೊರಗೆ ಹೋಗಿ ಅಂಕಿ ಕಡಿಮೆ ತೋರಿಸುತ್ತದೆ, ಫಿಲ್ಟರ್ ತುಂಬುತ್ತಿದ್ದರೂ ಇಸಿಎಂಗೆ ತಿಳಿಯುವುದಿಲ್ಲ. ಸ್ಟೀಲ್ ಪೈಪ್ ಒಳಗೆ ಮಸಿ, ನೀರು ಕಟ್ಟಿಕೊಂಡಿದ್ದರೆ ಏರ್ ಹೊಡೆದು ಬಿಡಿಸುತ್ತೇನೆ, ಆದರೆ ಹೋಸನ್ನು ಸೆನ್ಸರ್‌ನಿಂದ ಕಿತ್ತ ಮೇಲೆಯೇ. ಕಂಪ್ರೆಸರ್ ಗಾಳಿ ಸೆನ್ಸರ್ ಒಳಗೆ ಹೋದರೆ ಅದು ಅಲ್ಲಿಗೆ ಮುಗಿಯಿತು.

ಫಿಲ್ಟರ್ ಒಡೆದಿದೆಯೋ ಅಂತ ನೋಡಲು ಯಂತ್ರ ಬೇಡ. ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಯೊಳಗೆ ಬಿಳಿ ಬಟ್ಟೆ ಆಡಿಸಿ. ಚೆನ್ನಾಗಿರುವ ಗಾಡಿಯಲ್ಲಿ ಧೂಳು, ತೆಳು ಬೂದುಬಣ್ಣ ಬಿಟ್ಟರೆ ಏನೂ ಹತ್ತುವುದಿಲ್ಲ. ಬಟ್ಟೆ ಕಾಡಿಗೆಗಪ್ಪಾದರೆ ದಿಮ್ಮಿ ಬಿರುಕು ಬಿಟ್ಟಿದೆ, ಇಲ್ಲ ಹಿಂದೆ ಯಾರೋ ಒಳಗಿನದನ್ನು ಒಡೆದು ತೆಗೆದಿದ್ದಾರೆ. ಒಳಗಿನದನ್ನು ಖಾಲಿ ಮಾಡಿಸಿ ಮ್ಯಾಪ್ (ಇಸಿಎಂ ಸಾಫ್ಟ್‌ವೇರ್) ಬದಲಿಸುವ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಅದಿರಿನ ಧೂಳು ಮೊದಲೇ ಕುಡಿಯುತ್ತಿರುವ ಊರಿನ ಮಕ್ಕಳಿಗೆ ಈ ಮಸಿಯನ್ನೂ ಉಸಿರಾಡಿಸುವುದು ನ್ಯಾಯವಲ್ಲ.

ಮಸಿ ನಿಜವಾಗಿಯೂ ಜಾಸ್ತಿ ಇದ್ದರೆ ಹುಡುಕಾಟ ಎಂಜಿನ್ ಕಡೆಗೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದ ಅಂತರದ ಅರ್ಧಕ್ಕೇ ಕೆಂಪಾಗಿ ಮುಚ್ಚಿಹೋಗಿರುತ್ತದೆ. ಇಂಟರ್‌ಕೂಲರ್ ಹೋಸ್ ಜಾಯಿಂಟಿನಲ್ಲಿ ಎಣ್ಣೆ ಒಸರಿ ಧೂಳು ಮೆತ್ತಿದ್ದರೆ ಬೂಸ್ಟ್ ಅಲ್ಲೇ ಸೋರುತ್ತಿದೆ. ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಮಸಿ ಹೆಚ್ಚುತ್ತದೆ. ಇಂಜೆಕ್ಟರ್‌ಗಳ ಕರೆಕ್ಷನ್ (ಇಸಿಎಂ ಪ್ರತಿಯೊಂದಕ್ಕೂ ಮಾಡುವ ಡೀಸೆಲ್ ಹೊಂದಾಣಿಕೆ) ನೋಡಿ, ಒಂದು ಮಾತ್ರ ಬೇರೆಯವುಗಳಿಂದ ದೂರ ನಿಂತಿದ್ದರೆ ಬಾಟಲಿ ಕಟ್ಟಿ ರಿಟರ್ನ್ (ವಾಪಸ್ ಹರಿಯುವ ಡೀಸೆಲ್) ಅಳೆಯುತ್ತೇನೆ. ಥರ್ಮೋಸ್ಟಾಟ್ ತೆರೆದೇ ನಿಂತಿದ್ದರೆ ಹೈವೇಯಲ್ಲಿ ಕೂಲೆಂಟ್ 70ರ ಕೆಳಗೆ ಇಳಿಯುತ್ತದೆ, ಎಂಜಿನ್ ಬಿಸಿಯೇ ಆಗಿಲ್ಲ ಎಂದುಕೊಂಡು ಇಸಿಎಂ ರೀಜನ್ ಮುಂದೂಡುತ್ತಾ ಹೋಗುತ್ತದೆ. ನಮ್ಮ ಬಿಸಿಲಲ್ಲಿ ಇದನ್ನು ಯಾರೂ ಸಂಶಯಪಡುವುದಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ರಿಸರ್ವ್‌ಗೆ ಬಂದಿದ್ದರೂ ಎಷ್ಟೋ ಗಾಡಿಗಳಲ್ಲಿ ರೀಜನ್ ಆಗುವುದಿಲ್ಲ.

ಆಯಿಲ್ ಗೇಜ್ ತೆಗೆದು ನೋಡದೆ ರೀಜನ್ ಬಟನ್ ಒತ್ತಬಾರದು. ಅರ್ಧಕ್ಕೆ ನಿಂತ ರೀಜನ್‌ಗಳ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಮಟ್ಟ ಮ್ಯಾಕ್ಸ್ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಮೊದಲು ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಬೇಕು. ಇಲ್ಲದಿದ್ದರೆ ಬೇರಿಂಗ್, ಟರ್ಬೋ ಹೋಗುತ್ತವೆ. ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಮೂಲಕ ಆ ಆಯಿಲ್ ಒಳಗೆ ಎಳೆದುಕೊಂಡು ಎಂಜಿನ್ ಕೈಗೆ ಸಿಗದೆ ರೇಸ್ ಆಗುವ ಅಪಾಯವೂ ಇದೆ. ಹಾಕುವ ಆಯಿಲ್ ಕಂಪನಿ ಹೇಳಿದ ಗ್ರೇಡೇ ಇರಬೇಕು. ಹೆಚ್ಚಿನವಕ್ಕೆ ಎಸಿಇಎ (ಯುರೋಪಿನ ಆಯಿಲ್ ಮಾನದಂಡ) ಸಿ2 ಅಥವಾ ಸಿ3, ಇವುಗಳಲ್ಲಿ ಸಲ್ಫೇಟೆಡ್ ಬೂದಿ ಶೇ 0.8 ಮೀರುವುದಿಲ್ಲ. ಲಾರಿಗೆ ತಂದ ಡ್ರಮ್ಮಿನ ಸಿಐ-4 ಆಯಿಲನ್ನೇ ಕಾರಿಗೂ ಸುರಿಯುವುದು ಇಲ್ಲಿ ಮಾಮೂಲು. ಅದರಲ್ಲಿ ಬೂದಿ ಸಾಮಾನ್ಯವಾಗಿ ಶೇ 1ಕ್ಕಿಂತ ಹೆಚ್ಚು. ಮಸಿ ಸುಡುತ್ತದೆ, ಬೂದಿ ಎಷ್ಟು ಬಿಸಿ ಮಾಡಿದರೂ ಸುಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಫೋರ್ಸ್ ರೀಜನ್. ಕೂಲೆಂಟ್ 80 ಡಿಗ್ರಿ, ಡೀಸೆಲ್ ಕಾಲು ಟ್ಯಾಂಕ್‌ಗಿಂತ ಜಾಸ್ತಿ, ಬ್ಯಾಟರಿಗೆ ಚಾರ್ಜರ್, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್. ಗಾಡಿ ಬಯಲಲ್ಲಿ ಕಾಂಕ್ರೀಟ್ ಮೇಲೆ ನಿಲ್ಲಬೇಕು. ಸುಗ್ಗಿ ಕಾಲದಲ್ಲಿ ಗಾಡಿ ಜಾಕ್ ಮೇಲೆ ಎತ್ತಿ ಅಡಿಭಾಗ ನೋಡಿಯೇ ಶುರು ಮಾಡುತ್ತೇನೆ: ರಸ್ತೆಯಲ್ಲಿ ಹರಡಿದ ಜೋಳದ ದಂಟು, ನೆಲ್ಲು ಹುಲ್ಲು ಸೈಲೆನ್ಸರ್ ಶೀಲ್ಡಿಗೆ ಸುತ್ತಿಕೊಂಡಿರುತ್ತದೆ, 600 ಡಿಗ್ರಿಗೆ ಅದು ಹೊತ್ತಿಕೊಳ್ಳುತ್ತದೆ. 20ರಿಂದ 40 ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತೂ ಮುಂದಿನ ಹಿಂದಿನ ಟೆಂಪರೇಚರ್ ಅಂಕಿಯ ಮೇಲೇ ಕಣ್ಣಿರಬೇಕು. ಮಸಿ ಕಂಪನಿಯ ಮಿತಿ ದಾಟಿದ್ದರೆ ಫೋರ್ಸ್ ರೀಜನ್ ಮಾಡಲೇಬಾರದು, ಒಟ್ಟಿಗೆ ಹೊತ್ತಿಕೊಂಡು ದಿಮ್ಮಿ ಬಿರಿಯುತ್ತದೆ, ಕರಗಲೂಬಹುದು. ಓಡಿಸುತ್ತಾ ಮಾಡುವ ರೀಜನ್‌ನಲ್ಲಿ ಜೋರು ಬಿಸಿ ಇರುವಾಗ ಗಾಡಿ ನಿಲ್ಲಿಸಿ ಸ್ಲೋಗೆ ಬಿಡುವುದೂ ಅಷ್ಟೇ ಅಪಾಯ. ಬಿಸಿಯನ್ನು ಹೊತ್ತೊಯ್ಯುವ ಹೊಗೆಯ ಹರಿವು ಕಡಿಮೆಯಾಗುತ್ತದೆ, ಆಮ್ಲಜನಕ ಮಾತ್ರ ಹೆಚ್ಚುತ್ತದೆ.

ಬೂದಿ ತುಂಬಿದ್ದರೆ ಬಿಚ್ಚಿ ತೊಳೆಯುವುದೊಂದೇ ದಾರಿ. ಟೆಂಪರೇಚರ್ ಸೆನ್ಸರ್‌ಗಳ ಥ್ರೆಡ್ ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಸ್ಪ್ರೇ ಹಾಕಿಟ್ಟು, ಬೆಚ್ಚಗಿರುವಾಗ ಬಿಚ್ಚಿದರೆ ಮುರಿಯುವುದು ತಪ್ಪುತ್ತದೆ. ಒಣಗಿದ ಫಿಲ್ಟರನ್ನು ತೂಕ ಮಾಡಿ, ತೊಳೆದು ಪೂರ್ತಿ ಒಣಗಿಸಿ ಮತ್ತೆ ತೂಕ ಮಾಡಿದರೆ ಎಷ್ಟು ಬೂದಿ ಹೋಯಿತೆಂದು ಲೆಕ್ಕ ಸಿಗುತ್ತದೆ. ನೀರಾಗಲಿ ಗಾಳಿಯಾಗಲಿ ಹಿಂಬದಿಯಿಂದ ಮುಂಬದಿಗೆ, ಕಡಿಮೆ ಒತ್ತಡದಲ್ಲಿ. ವಾಟರ್ ಸರ್ವೀಸ್ ಗನ್ ಹತ್ತಿರ ಹಿಡಿದು ಹೊಡೆಯುವುದು, ಆ್ಯಸಿಡ್ ಸುರಿಯುವುದು, ಸುತ್ತಿಗೆಯಿಂದ ಬಡಿಯುವುದು ಮೂರೂ ದಿಮ್ಮಿಗೂ ಒಳಗಿನ ಲೇಪಕ್ಕೂ ಕೇಡು. ಧೂಳು ಒಣಗಿದ್ದಾಗ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಹಾಕುವಾಗ ಗ್ಯಾಸ್ಕೆಟ್, ಕ್ಲ್ಯಾಂಪ್ ಹೊಸದು. ಬೂದಿ ಕೌಂಟರ್ ರೀಸೆಟ್ ಮಾಡುವುದು ಫಿಲ್ಟರ್ ತೊಳೆದಾಗ ಅಥವಾ ಬದಲಿಸಿದಾಗ ಮಾತ್ರ. ಲೈಟ್ ಆರಿಸಲೆಂದು ಸುಮ್ಮನೆ ರೀಸೆಟ್ ಮಾಡಿದರೆ ಇಸಿಎಂ ಖಾಲಿ ಫಿಲ್ಟರ್ ಎಂದುಕೊಂಡು ರೀಜನ್ ತಡಮಾಡುತ್ತದೆ.

ಗಾಡಿ ಕೊಡುವಾಗ ಸ್ಲೋ ಮತ್ತು 2500ರ ಪ್ರೆಶರ್ ಅಂಕಿಗಳನ್ನು ಬಿಲ್ ಮೇಲೇ ಬರೆಯುತ್ತೇನೆ. 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಕರೆಸಿ ಆಯಿಲ್ ಮಟ್ಟ, ರೀಜನ್‌ಗಳ ನಡುವಿನ ದೂರ ನೋಡುತ್ತೇನೆ. ದೂರ 300 ದಾಟುತ್ತಿದ್ದರೆ ಗಾಡಿ ಬಿಡುತ್ತೇನೆ. 100, 150ಕ್ಕೇ ರೀಜನ್ ಬರುತ್ತಿದ್ದರೆ ಫಿಲ್ಟರ್ ಮುಟ್ಟದೆ ಮತ್ತೆ ಇಂಜೆಕ್ಟರ್‌ನಿಂದಲೇ ಶುರು ಮಾಡುತ್ತೇನೆ.